ನಲ್ಲಂಪಳ್ಳಿಯ ಬುಲೆಟ್ಟೂ ರಾಜಾತಿಯ ರೇಡಿಯೋವೂ

ರಾಜಾತಿ ನಲ್ಲಂಪಳ್ಳಿಯಲ್ಲಿ ಬಸ್ಸಿಳಿದಾಗ ಬೆಳಗಿನ ಹನ್ನೊಂದು ಗಂಟೆ. ಅಷ್ಟು ಹೊತ್ತಿಗೇ ದಿನವೆಲ್ಲ ದುಡಿದವಳಂತೆ ದಣಿದಿದ್ದಳು. ಕೈಚೀಲದಲ್ಲಿ ಸೋಲ್ಡರಿಂಗ್ ಐರನ್, ಮೀಟರು, ಒಂದು ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ. ತಲೆಯ ತುಂಬ ನಾಳೆಯ ವೀಳ್ಯದೆಲೆ.

ನಾಳೆ ತಾರಮಂಗಲದಿಂದ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಅವಳ ಮನೆತನದಲ್ಲಿ ಒಂದು ಪದ್ಧತಿ. ಸೋದರತ್ತೆಯ ಮಗ ಮದುವೆಯಾಗದೆ ಇರುವಾಗ ಹುಡುಗಿಯನ್ನು ಹೊರಗೆ ಕೊಡಬೇಕಾದರೆ, ಅವನೇ ಬಂದು ಅವಳ ಅಪ್ಪನ ಕೈಗೆ ವೀಳ್ಯವಿಟ್ಟು ತನ್ನ ಅಡ್ಡಿ ಇಲ್ಲ ಎನ್ನಬೇಕು. ಆ ಅತ್ತೆಮಗನೇ ಮಾರಿಯಪ್ಪ, ನಲ್ಲಂಪಳ್ಳಿಯ ಬೈಕ್ ಮೆಕ್ಯಾನಿಕ್. ನಾಳೆ ಬಂದು ವೀಳ್ಯ ಕೊಡುತ್ತೇನೆ ಎಂದು ಹೇಳಿಕಳಿಸಿದ್ದ. ಅದೇ ಬಾಯಲ್ಲಿ, ಒಂದು ಬೈಕ್ ವೈರಿಂಗ್ ಕೈಕೊಡುತ್ತಿದೆ, ರಾಜಾತಿ ಇವತ್ತು ಬಂದು ನೋಡಲಿ ಎಂದೂ ಹೇಳಿಕಳಿಸಿದ್ದ. ಎಂಥ ಗಂಡಸು ನೋಡಿ!

ಪಾಪಿರೆಡ್ಡಿಪಟ್ಟಿಯಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ಅವಳು ಬಾರದೆ ಇರಬಹುದಿತ್ತು. ಬಂದಳು. ಅವನು ವೀಳ್ಯ ಕೊಡುವ ಮೊದಲು ಅವನ ಮುಖವನ್ನು ಒಮ್ಮೆ ಕಣ್ಣು ತುಂಬ ನೋಡಬೇಕಿತ್ತು.

ಅವನು ಬುಲೆಟ್ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಮೂವತ್ತನಾಲ್ಕರ ಮುಖದಲ್ಲಿ ಮೂರು ದಿನದ ಗಡ್ಡ. ಅವಳನ್ನು ಕಂಡು ಎದ್ದ, ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಆ ಅರ್ಧ ನಗು ಅವಳನ್ನು ಇಡೀ ನಗುವಿಗಿಂತ ಹೆಚ್ಚು ನೋಯಿಸಿತು.

ಬೈಕು ಸೇಲಂನ ಪಾಲಿಟೆಕ್ನಿಕ್ ಮೇಷ್ಟ್ರು ಶಿವರಾಮನ್ ಅವರದು. ಅವರ ಭಾವಮೈದ ಫಾರಿನ್ನಿಂದ ತಂದ ಕಪ್ಪು ಪೆಟ್ಟಿಗೆಯನ್ನು ಅದಕ್ಕೆ ಹಾಕಬೇಕಿತ್ತು. ಕಾರ್ಬುರೇಟರ್ ತೆಗೆದರೆ ಆ ಪೆಟ್ಟಿಗೆಯೇ ಪೆಟ್ರೋಲನ್ನು ಅಳೆದು ಎಂಜಿನ್ನಿಗೆ ಚಿಮ್ಮಿಸುತ್ತದೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ಸುದ್ದಿ ಅದಕ್ಕೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನಿಂದ ಒಂದು ವೈರಿನಲ್ಲಿ ಹೋಗಬೇಕು. ಮಾರಿಯಪ್ಪ ಎಲ್ಲವನ್ನೂ ಕೂಡಿಸಿದ್ದ. ಆದರೂ ಬೈಕು ಸ್ಟಾರ್ಟ್ ಆಗಿ, ಕೆಮ್ಮಿ, ಕಪ್ಪು ಹೊಗೆ ಉಗುಳಿ ನಿಂತುಬಿಡುತ್ತಿತ್ತು.

ರಾಜಾತಿ ರೇಡಿಯೋ ಹಚ್ಚಿದಳು. ಯಾವ ಸ್ಟೇಷನ್ನೂ ಸಿಗದ ಕಡೆ ಮುಳ್ಳು ನಿಲ್ಲಿಸಿ, ಬೈಕಿನ ಹತ್ತಿರ ಹಿಡಿದು, ಕಿಕ್ ಹೊಡೆಯಲು ಹೇಳಿದಳು. ಎಂಜಿನ್ ತಿರುಗುತ್ತಲೇ ರೇಡಿಯೋ ಕರಕರ ಅಂದಿತು. ವೈರಿನ ಗುಂಟ ನಿಧಾನ ಸರಿಸಿದಳು. ಟ್ಯಾಂಕಿನ ಕೆಳಗೆ ಬಂದಾಗ ಕಿವಿ ಕಿತ್ತುಹೋಗುವಷ್ಟಾಯಿತು. ಅಲ್ಲಿ ಅವನು ಪ್ಲಗ್ಗಿನ ದಪ್ಪ ವೈರನ್ನೂ ಪೆಟ್ಟಿಗೆಯ ಸಣ್ಣ ವೈರನ್ನೂ ಸೇರಿಸಿ, ಕರಿ ಟೇಪ್ ಸುತ್ತಿ, ಜಡೆ ಹೆಣೆದಷ್ಟು ಅಂದವಾಗಿ ಕಟ್ಟಿದ್ದ. ವೈರು ಜೋತಾಡಿದರೆ ಅವನಿಗೆ ನಾಚಿಕೆ. ಊರಿಗೆಲ್ಲ ಗೊತ್ತಿದ್ದ ಮಾತು ಅದು.

ಈ ಅಂದವೇ ಕೆಡಿಸಿರುವುದು ಎಂದಳು ಅವಳು. ಪ್ಲಗ್ಗಿನ ಕಿಡಿಯ ಗದ್ದಲ ಪಕ್ಕದ ವೈರಿಗೂ ಹತ್ತುತ್ತಿದೆ, ಒಂದು ಕಿಡಿ ಪೆಟ್ಟಿಗೆಗೆ ಹತ್ತಾಗಿ ಕೇಳಿಸುತ್ತಿದೆ, ಅದು ಪಾಪ ಹತ್ತು ಪಾಲು ಪೆಟ್ರೋಲ್ ಸುರಿಯುತ್ತಿದೆ. ಮಾರಿಯಪ್ಪ ತಲೆ ಕೆರೆದುಕೊಂಡ. ಮೂರು ದಿನದಲ್ಲಿ ಟೇಪನ್ನು ನಾಲ್ಕು ಸಲ ಬಿಚ್ಚಿ, ನಾಲ್ಕು ಸಲವೂ ಇನ್ನಷ್ಟು ಬಿಗಿಯಾಗಿ ಕಟ್ಟಿದ್ದನಂತೆ. ಅವಳಿಗೆ ನಗು ಬಂತು. ಎಷ್ಟು ದಿನವಾಗಿತ್ತೋ ನಕ್ಕು.

ಸಣ್ಣ ವೈರನ್ನು ಕಿತ್ತು, ಟಿವಿ ಆಂಟೆನಾದ ಕೇಬಲ್ಲನ್ನು ಬೇರೆ ದಾರಿಯಲ್ಲಿ ಎಳೆದರು. ಗದ್ದಲ ಒಳಗೆ ನುಗ್ಗದಂತೆ ಕೇಬಲ್ ಮೇಲಿನ ತಂತಿ ಜಾಲರಿಯನ್ನು ಪೆಟ್ಟಿಗೆಯ ಕಡೆ ಅರ್ತ್ ಮಾಡಿ, ಕಾಯಿಲ್‌ನ ಏಟು ನೇರ ತಾಗದಂತೆ ನಡುವೆ ಒಂದು ರೆಸಿಸ್ಟರ್ ಹಾಕಿದಳು. ಅವನು ಕೇಬಲ್ ಹಿಡಿದ, ಅವಳು ಬೆಸೆದಳು. ಬೆಸುಗೆ ಆರಲೆಂದು ಅವನು ಊದಲು ಬಾಗಿದ. ಊದಿದರೆ ಬೆಸುಗೆ ಕೆಡುತ್ತದೆ ಎಂದು ತಡೆಯಲು ಅವಳು ತಲೆಯೆತ್ತಿದಳು. ಮುಖಕ್ಕೆ ಮುಖ ಗೇಣು ದೂರ. ಅವನ ರೆಪ್ಪೆಯ ಮೇಲೆ ಧೂಳಿತ್ತು. ಇಬ್ಬರೂ ಬೆಸುಗೆ ಆರುವವರೆಗೂ ಅಲುಗಲಿಲ್ಲ, ಆರಿದ ಮೇಲೂ ಸ್ವಲ್ಪ ಹೊತ್ತು ಅಲುಗಲಿಲ್ಲ.

ಕೊನೆಗೆ ಅವನೇ ಕೇಬಲ್ ಕಡೆ ನೋಡುತ್ತ, ತಾರಮಂಗಲದ ಹುಡುಗ ಓದಿದವನು, ಸರ್ಕಾರಿ ಕೆಲಸದವನು ಎಂದೆಲ್ಲ ಹೇಳತೊಡಗಿದ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಮಾತು ಅವಳಿಗೆ ಸಾಕಾಯಿತು. ಐರನ್ ಕೆಳಗಿಟ್ಟಳು.

"ಮಾವ, ಆರು ವರ್ಸದ್ ಇಂದೆ ಅಪ್ಪ ಕೇಳ್ದಾಗ ಯಾಕ್ ಬ್ಯಾಡ ಅಂದೆ?"

ಅವನು ಬಟ್ಟೆಯಲ್ಲಿ ಕೈಯ ಗ್ರೀಸ್ ಒರೆಸಿದ. "ನಾನು ಎಂಟನೇ ಕ್ಲಾಸು. ನೀನು ಐಟಿಐನಾಗೆ ಫಸ್ಟು. ನನ್ ಜೊತೆ ಈ ಗ್ರೀಸ್ನಾಗೆ ಯಾಕ್ ಬೀಳ್ಬೇಕು ಅಂತ ಅವ್ವನ ಕೈಲಿ ಯೋಳಿ ಕಳ್ಸ್ದೆ."

ಅವನ ಅವ್ವನ ಬಾಯಿಂದ ಅವಳ ಅಪ್ಪನ ಕಿವಿಗೆ, ಅಪ್ಪನಿಂದ ಅವಳಿಗೆ ಬರುವ ಹೊತ್ತಿಗೆ ಅದು, ಮಾರಿಯಪ್ಪನಿಗೆ ಹುಡುಗಿ ಬೇಡವಂತೆ ಎಂದಷ್ಟೇ ಆಗಿತ್ತು. ಆ ಒಂದು ಮಾತನ್ನು ಹೊತ್ತು ಅವಳು ಆರು ವರ್ಷದಲ್ಲಿ ಹನ್ನೊಂದು ಸಲ ಗಂಡಿನವರ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಅಳಬೇಕೆನಿಸಿತು. ಅಳುವುದಕ್ಕೂ ಸುಸ್ತಾಗಿತ್ತು.

"ನಂಗ್ ಏನು ಒಳ್ಳೇದು ಅಂತ ನೀನೇ ತೀರ್ಮಾನ ಮಾಡ್ಬುಟ್ಟೆ. ನನ್ನ ಒಂದ್ ಮಾತು ಕೇಳ್ನಿಲ್ಲ."

"ತಪ್ಪಾಯ್ತು. ಈಗ ಕೇಳ್ತೀನಿ." ಅವನು ಒರೆಸುವ ಬಟ್ಟೆ ಕೆಳಗಿಟ್ಟ. "ನೀನಂದ್ರೆ ನಂಗೆ ಜೀವ, ರಾಜಾತಿ. ನಾಳೆ ಎಲೆ ಕೊಡ್ಲಾ?"

"ಕೊಡ್ಬ್ಯಾಡ," ಎಂದಳು. "ನಂಗೆ ಸಾಕಾಗೈತೆ ಮಾವ. ಕೊಡ್ಬ್ಯಾಡ."

ಅವನು ಎದ್ದು, ಏನು ಮಾಡಬೇಕೆಂದು ತಿಳಿಯದವನಂತೆ ಬೈಕಿಗೆ ಕಿಕ್ ಹೊಡೆದ. ಈ ಸಲ ಅದು ಕೆಮ್ಮಲಿಲ್ಲ. ಹೊಗೆಯಿಲ್ಲದೆ ನೆಮ್ಮದಿಯಾಗಿ ಡುಗುಡುಗು ಎನ್ನುತ್ತ ನಿಂತಿತು. ಹೇಗೂ ದೂರ ಓಡಿಸಿ ನೋಡಲು ಮೇಷ್ಟ್ರು ಹೇಳಿದ್ದರು. ರಾಜಾತಿ ಕೇಳದೆಯೇ ಹಿಂದೆ ಹತ್ತಿ ಅವನ ಹೆಗಲು ಹಿಡಿದಳು. ಅಂಗಿಯಲ್ಲೆಲ್ಲ ಗ್ರೀಸಿದೆ, ಅಂಟುತ್ತದೆ ಎಂದ. ಅಂಟಲಿ ಎಂದಳು. ನಲ್ಲಂಪಳ್ಳಿಯ ಟೀ ಅಂಗಡಿಯಲ್ಲಿ ಕೂತವರೆಲ್ಲ ಗ್ಲಾಸು ಕೈಯಲ್ಲೇ ಹಿಡಿದು ನೋಡಿದರು. ನೋಡಿಕೊಳ್ಳಲಿ!

ಪಾಪಿರೆಡ್ಡಿಪಟ್ಟಿಯ ಮನೆಯಂಗಳದಲ್ಲಿ ಅವಳ ಅಮ್ಮ ಚೆಲ್ಲಮ್ಮ ಹುಣಸೆ ಬಿಡಿಸುತ್ತಿದ್ದಳು. ಬೈಕಿನ ಸದ್ದಿಗೆ ಅಪ್ಪ ಮುತ್ತುಸ್ವಾಮಿ ಹೊರಗೆ ಬಂದ. ಮಗಳ ಕೈ ಇನ್ನೂ ಮಾರಿಯಪ್ಪನ ಹೆಗಲ ಮೇಲಿತ್ತು. ಅಪ್ಪ ಆ ಕೈಯನ್ನು ನೋಡಿದ, ಅಳಿಯನನ್ನು ನೋಡಿದ, ವರ್ಷಗಳ ಭಾರ ಇಳಿಸಿದವನಂತೆ ಜಗಲಿಯ ಮೇಲೆ ಕೂತ. ಆಮೇಲೆ, ನಾಳೆ ಬರಲು ಹೊರಟು ನಿಂತಿರುವ ತಾರಮಂಗಲದವರಿಗೆ ಬರಬೇಡಿ ಎಂದು ಯಾರನ್ನು ಕಳಿಸಿ ಹೇಳಿಸುವುದು ಎಂದು ಕೇಳಿದ.

"ಯಾರ ಕೈಲೂ ಯೋಳಿ ಕಳ್ಸಾದ್ ಬ್ಯಾಡ ಮಾವ," ಎಂದ ಮಾರಿಯಪ್ಪ. "ನಾನೇ ಓಗಿ, ಕಾಲಿಗ್ ಬಿದ್ದು ಯೋಳ್ತೀನಿ."

ರಾಜಾತಿ ಬೈಕಿನಿಂದ ಇಳಿಯಲೇ ಇಲ್ಲ. ನಾನೂ ಬರುತ್ತೇನೆ, ಒಂದು ಲೋಟ ನೀರು ಮಾತ್ರ ಕೊಡು ಎಂದು ಅಮ್ಮನ ಕಡೆ ಕೈ ಚಾಚಿದಳು.