ನಡುಗೋಡೆಯಾಚೆಯ ಬಾಗಿಲು

ಧಡ್!

ಒಲೆಯ ಮೇಲೆ ಬಸ್ಸಾರು ಕುದಿಯುತ್ತಿತ್ತು. ಅಡುಗೆಮನೆಯ ಗೋಡೆಯಿಂದ ಹಾರೆಯೊಂದರ ಮೂತಿ ಇಣುಕಿತು. ಹಿಡಿ ಮಣ್ಣು ನೇರ ಸಾರಿನ ಪಾತ್ರೆಗೇ ಬಿತ್ತು!

"ಯಾವನ್ಲಾ ಅವ್ನು?" ಯಶೋಧ ಸೌಟು ಹಿಡಿದುಕೊಂಡೇ ಕೂಗಿದಳು.

ಹಾರೆ ಹಿಂದಕ್ಕೆ ಸರಿಯಿತು. ತೂತಿನಲ್ಲಿ ಧೂಳು ಮೆತ್ತಿದ ಮುಖ... ಗಾಬರಿಬಿದ್ದ ಎರಡು ಕಣ್ಣು.

"ತಪ್ಪಾಯ್ತು ಕಣ್ರೀ... ಗೋಡೆ ಇಷ್ಟು ಟೊಳ್ಳಾಗದೆ ಅಂತ ಗೊತ್ತಿರ್ನಿಲ್ಲ."

"ಸಾರೆಲ್ಲಾ ಹಾಳಾಯ್ತು! ಈಗ ಮುದ್ದೆ ಯಾತರಲ್ಲಿ ಉಣ್ಣದು? ನಿಮ್ಮ ಗೋಡೆ ಮಣ್ಣಲ್ಲಿ ಉಣ್ಲಾ?"

"ಅದ್ರಲ್ಲಿ ಅರ್ಧ ನಿಮ್ದೂ ಅದೆ," ಎಂದುಬಿಟ್ಟ ಪುಣ್ಯಾತ್ಮ!

ಅಷ್ಟು ಕೋಪದಲ್ಲೂ ಯಶೋಧಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ ಅನ್ನಿ.

ಪಾಂಡವಪುರದ ಆ ಜೋಡಿಮನೆಯನ್ನು ಹಿಂದೆ ಇಬ್ಬರು ಗೆಳೆಯರು ಸೇರಿ ಕಟ್ಟಿಸಿದ್ದರು. ನಡುವೆ ಒಂದೇ ಗೋಡೆ, ಮೇಲೆ ಒಂದೇ ಹೆಂಚಿನ ಮಾಡು. ಈ ಕಡೆ ಬಟ್ಟೆ ಹೊಲಿಯುವ ಯಶೋಧ ಮತ್ತು ಅವಳ ತಾಯಿ ಪ್ರೇಮಮ್ಮ. ಆ ಕಡೆಗೆ ವರ್ಷಗಟ್ಟಲೆ ಬೀಗ. ಅದರ ವಾರಸುದಾರ ಸಿದ್ದರಾಮು ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಹಾಸ್ಟೆಲ್ಲುಗಳಲ್ಲಿ ಬೆಳೆದವನು. ಈಗ ಕೆಇಬಿ ಲೈನ್‌ಮನ್ ಆಗಿ ಊರಿಗೆ ವರ್ಗವಾಗಿ ಬಂದು, ತನ್ನ ಪಾಲಿನ ಮನೆಯ ರಿಪೇರಿಗೆ ಇಳಿದಿದ್ದ.

ತೂತು ಅಂದೇ ಮುಚ್ಚಿತು. ಆದರೆ ಮಾತು ತೆರೆದುಕೊಂಡಿತು.

ಮುಂಗಾರಿಗೆ ಮುಂಚೆ ಅವನು ಮಾಡು ಹತ್ತಿದ. "ನಿಮ್ಮ ಕಡೆ ಹೆಂಚೂ ಕೈಯಾಡುಸ್ಬುಡ್ತೀನಿ," ಎಂದ.

"ನಮ್ದು ನಾವು ನೋಡ್ಕತೀವಿ ಬುಡಿ."

"ನಂದೊಂದೇ ಸರಿ ಮಾಡುದ್ರೆ ನೀರೆಲ್ಲಾ ನಿಮ್ಮ ಮ್ಯಾಲೇ ಸುರೀತದೆ. ಆಮೇಲೆ ಸೌಟು ಇಡ್ಕಂಡು ಬತ್ತೀರಿ!"

ಆ ಮಳೆಗಾಲ ಪ್ರೇಮಮ್ಮನ ಮನೆಯಲ್ಲಿ ಸೋರುವ ಕಡೆ ಬೋಗುಣಿ ಇಡುವ ಕೆಲಸವೇ ಇರಲಿಲ್ಲ.

ಆಮೇಲೆ ಎಲ್ಲದಕ್ಕೂ ಅವಳನ್ನೇ ಕೇಳತೊಡಗಿದ. ಒಲೆ ಎಲ್ಲಿರಲಿ? ಕಿಟಕಿ ಯಾವ ಕಡೆ ಇಡಿಸಲಿ? ಹೇಳುತ್ತಾ ಹೇಳುತ್ತಾ, ಆ ಕಿಟಕಿಯ ಬೆಳಕಿನಲ್ಲಿ ತನ್ನ ಹೊಲಿಗೆ ಮಿಷನ್ ಇಟ್ಟುಕೊಂಡು ಕೂತಂತೆ ಕನಸು ಕಾಣುವ ಹುಚ್ಚು ಯಶೋಧಳಿಗೆ ಹತ್ತಿತು. 'ಥೂ, ನಾಚಿಕೆ ಇಲ್ದೋಳೇ!' ಎಂದು ತನ್ನನ್ನೇ ಬೈದುಕೊಂಡಳು. ಹುಚ್ಚು ಬಿಡಲಿಲ್ಲ.

ಒಂದು ಸಂಜೆ ಸಿದ್ದರಾಮು ಹಸಿರು ಸೀರೆ ಹಿಡಿದು ಬಾಗಿಲಲ್ಲಿ ನಿಂತ. ಕಿವಿಯೆಲ್ಲ ಕೆಂಪಾಗಿತ್ತು.

"ಶುಕ್ರವಾರ ಬಾಗ್ಲು ನಿಲ್ಲುಸ್ತಾ ಇದೀನಿ. ಇದುನ್ನ ಉಟ್ಕಂಡು ಪೂಜೆ ನೀವೇ ಮಾಡ್ಬೇಕು. ಬ್ಯಾರೆ ಯಾರ್ ಕೈಲೂ ಮಾಡ್ಸಕಿಲ್ಲ!"

ಅಷ್ಟು ಹೇಳಿ ಹೊರಟೇಹೋದ. ಸೀರೆ ಯಶೋಧಳ ಕೈಯಲ್ಲುಳಿಯಿತು.

ಆ ಸೀಮೆಯಲ್ಲಿ ಹೊಸ ಬಾಗಿಲಿಗೆ ಮೊದಲು ಅರಿಶಿನ ಕುಂಕುಮ ಹಚ್ಚುವವಳು ಮನೆಯ ಹೆಣ್ಣುಮಗಳು. ಅಕ್ಕ, ಇಲ್ಲವೇ ತಂಗಿ. ಸೀರೆಯೂ ಅವಳಿಗೇ ಉಡುಗೊರೆ.

ತಂಗಿ!

"ಅಣ್ಣತಮ್ಮ ಇಲ್ದೋಳ್ಗೆ ಚಿನ್ನದಂತ ಅಣ್ಣ ಸಿಕ್ದ ಬುಡವ್ವ," ಎಂದು ಪ್ರೇಮಮ್ಮ ಖುಷಿಯಿಂದ ಸೀರೆ ಸವರಿದಳು. ಹೆತ್ತ ತಾಯಿಯೇ ಗಾಯಕ್ಕೆ ಉಪ್ಪು ಸವರಿದರೆ ಮಗಳು ಯಾರಿಗೆ ಹೇಳಿಕೊಳ್ಳಬೇಕು?

'ಹೆಂಚು ಹೊದಿಸಿದ್ದು, ಕಿಟಕಿ ಕೇಳಿದ್ದು... ಎಲ್ಲಾ ತಂಗಿ ಅಂತಲಾ?' ಯಶೋಧ ಬಚ್ಚಲಿಗೆ ಹೋಗಿ, ನೀರು ಸುರಿಯುವ ಸದ್ದಿನಲ್ಲಿ ಅತ್ತಳು. ಒಮ್ಮೆ ಆ ಬಾಗಿಲಿಗೆ ಅರಿಶಿನ ಹಚ್ಚಿದರೆ ಮುಗಿಯಿತು, ಊರೆಲ್ಲ ಅವರನ್ನು ಅಣ್ಣ ತಂಗಿ ಅನ್ನುತ್ತದೆ.

ಶುಕ್ರವಾರ ಬಂತು. ಗಾರೆ ಕೆಲಸದ ಕರಿಯಪ್ಪ ಹೊಸ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದ. ಸಿದ್ದರಾಮುವಿನ ಸೋದರತ್ತೆ ಚಲುವಮ್ಮ ನಾಗಮಂಗಲದಿಂದ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಯಶೋಧ ತಾಯಿಯ ಜೊತೆ ಹಳೆಯ ಸೀರೆಯಲ್ಲೇ ಬಂದು, ಹಸಿರು ಸೀರೆಯನ್ನು ಅವನ ಕೈಗಿಟ್ಟಳು.

"ತಗಳಿ. ನನ್ ಕೈಲಾಗಕಿಲ್ಲ."

"ಯಾಕ್ರೀ? ಬಣ್ಣ ಇಡುಸ್ನಿಲ್ವಾ?"

"ಬಣ್ಣಕ್ಕೇನು ಬಂತು! ನಾನು... ನಾನು ನಿಮ್ಗೆ ತಂಗಿ ಆಗಾಕೆ ಒಪ್ಪಕಿಲ್ಲ!"



"ಅದೇನ್ ಮಾತಾಡೀರೋ ಬ್ಯಾಗ ಮಾತಾಡ್ಕಳ್ರಪ್ಪಾ, ನನ್ ಭುಜ ಬಿದ್ದೋಯ್ತದೆ," ಎಂದು ಕರಿಯಪ್ಪ ನರಳಿದ.

"ತಂಗಿಯಾ?" ಸಿದ್ದರಾಮು ಕಣ್ಣು ಕಣ್ಣು ಬಿಟ್ಟ. "ಯಾರಂದ್ರು ಅಂಗೆ?"

ಚಲುವಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ ಬುದ್ಧಿಗಿಷ್ಟು! ಬಾಗ್ಲು ಪೂಜೆ ಮಾಡದು ಒಡಹುಟ್ಟಿದೋಳು ಕಣ್ಲಾ! ಅಷ್ಟೂ ಗೊತ್ತಿಲ್ವಾ?"

ಸಿದ್ದರಾಮು ಅತ್ತೆಯತ್ತ ತಿರುಗಿದ.

"ನಂಗ್ಯಾರತ್ತೆ ಇವೆಲ್ಲಾ ಹೇಳ್ಕೊಟ್ಟೋರು? ನಾನು... ಈ ಮನೇಲಿ ಬಾಳೋಳ ಕೈಲಿ ಮೊದ್ಲು ಅರಿಶಿನ ಹಚ್ಚುಸ್ಬೇಕು ಅಂದ್ಕಂಡಿದ್ದೆ..."

ಬಾಳೋಳು!

ಯಶೋಧಳ ಎದೆಯ ಮೇಲಿದ್ದ ಕಲ್ಲುಚಪ್ಪಡಿಯನ್ನು ಯಾರೋ ಎತ್ತಿದಂತೆ ಉಸಿರು ಹಗುರಾಯಿತು. ಅಳುವೂ ಬಂತು, ನಗುವೂ ಬಂತು. ತಾಯಿಯತ್ತ ತಿರುಗಿದರೆ ಪ್ರೇಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ 'ಹೂಂ' ಎಂಬಂತೆ ತಲೆಯಾಡಿಸುತ್ತಿದ್ದಳು.

"ತತ್ತಾ ಇತ್ಲಾಗೆ!" ಚಲುವಮ್ಮ ಅರಿಶಿನದ ಬಟ್ಟಲನ್ನೂ ಸೀರೆಯನ್ನೂ ಒಟ್ಟಿಗೇ ಕಿತ್ತುಕೊಂಡಳು. "ಈ ಮನೇಲಿ ಹುಟ್ಟಿದೋಳು ನಾನಿನ್ನೂ ಗಟ್ಯಾಗಿವ್ನಿ. ರಾಹುಕಾಲ ಬರಕ್ಮುಂಚೆ ಬಾಗ್ಲು ನಿಲ್ಸವಾ. ಸೀರೆ ನಂದು, ಯಾರೂ ಕೇಳಂಗಿಲ್ಲ!"

ಬಾಗಿಲು ನಿಂತಿತು. ಕರಿಯಪ್ಪನ ಭುಜಕ್ಕೆ ಬಿಡುಗಡೆ ಸಿಕ್ಕಿತು.

ಎಲ್ಲರೂ ಪಾಯಸಕ್ಕೆ ಎದ್ದಾಗ ಸಿದ್ದರಾಮು ಮೆಲ್ಲಗೆ ಅವಳ ಪಕ್ಕಕ್ಕೆ ಬಂದ.

"ಕ್ವಾಪನಾ?"

"ಬಾಯ್ಬುಟ್ಟು ಒಂದ್ಮಾತು ಕೇಳಿದ್ರೆ ನಾನು ಇಷ್ಟು ಅಳ್ತಿದ್ನಾ?"

"ಅತ್ರಾ...?" ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಇನ್ನೊಂದ್ಸಲ ಅಳುಸಕಿಲ್ಲ. ಈಗ ಕೇಳ್ತಾ ಇವ್ನಿ. ನನ್ನ ಮದ್ವೆ ಆಗ್ತೀಯಾ ಯಶೋಧಾ?"

ಅವಳು ತಲೆ ತಗ್ಗಿಸಿದಳು.

"ಸೀರೆ ಅತ್ತೆ ಪಾಲಾಯ್ತು," ಅವನೇ ತಡವರಿಸಿದ. "ನಿಂಗೆ ಬ್ಯಾರೆ ತರ್ತೀನಿ. ಎಂತಾ ಸೀರೆ ಬೇಕು, ಹೇಳು?"

ಯಶೋಧ ಈ ಸಲ ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ಧಾರೆ ಸೀರೆ."