ಒಂದು ಮಾವು, ಹುಳಿ ಇರಲಿ

ಅನ್ನ ಉದುರುದುರಾಗಿ ಬೆಂದಿತ್ತು. ಸರಸ ಅದನ್ನು ಅಗಲವಾದ ತಟ್ಟೆಗೆ ಹರವಿ, ಎರಡು ಚಮಚ ಎಣ್ಣೆ ಬಿಟ್ಟು, ಅಗುಳು ಮುರಿಯದಂತೆ ಬೆರಳ ತುದಿಯಲ್ಲಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಸಾಸಿವೆ, ಕಡಲೆಬೇಳೆ, ಒಂದು ಹಿಡಿ ಕಡಲೆಬೀಜ, ಸೀಳಿದ ನಾಲ್ಕು ಹಸಿಮೆಣಸಿನಕಾಯಿ. ಇನ್ನು ಬರಬೇಕಾದದ್ದು ಮಾವಿನಕಾಯಿ ಒಂದೇ.

ಅಡುಗೆಮನೆ ಅವಳದ್ದಲ್ಲ. ಚೆನ್ನೈನ ಪುರಸೈವಾಕ್ಕಂನಲ್ಲಿ, ಬಟ್ಟೆ ಅಂಗಡಿಗಳ ಸಾಲಿನ ಹಿಂದೆ, ಒಂದು ಹೋಟೆಲಿನ ಮೇಲೆ, ಹತ್ತು ದಿನದ ಮಟ್ಟಿಗೆ ಹಿಡಿದ ಮನೆ. ಒಂದು ಬಾಣಲೆ, ಒಂದು ಕುಕ್ಕರ್, ಮೂರು ಪಾತ್ರೆ, ಒಂದು ಮಿಕ್ಸಿ, ಟೊಮೇಟೊವನ್ನೂ ಕೊಯ್ಯಲಾರದ ಚಾಕು. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಒಂದು ಫೋನ್ ನಂಬರ್: ಏನು ಬೇಕಾದರೂ ಕೆಳಗಿನ ಹೋಟೆಲಿಗೆ ಹೇಳಿ.

ಮನೆ ಬುಕ್ ಮಾಡಿದ್ದು ಹುಬ್ಬಳ್ಳಿಯಲ್ಲಿರುವ ಮಗಳು ನೇಹಾ. ಬೇಸಿಗೆ ರಜೆ ಶುರುವಾದ ದಿನವೇ ಅಮ್ಮನನ್ನು ರೈಲು ಹತ್ತಿಸಿದ್ದಳು. "ಸಮುದ್ರ ನೋಡು, ನಿದ್ದೆ ಮಾಡು, ಹೋಟೆಲಲ್ಲಿ ತಿನ್ನು," ಎಂದಿದ್ದಳು. ಬೆಳಿಗ್ಗೆ ಫೋನಿನಲ್ಲಿ ಕುಕ್ಕರ್ ಕೂಗಿದ್ದು ಕೇಳಿ ರೇಗಿದ್ದಳು. "ಅಮ್ಮಾ, ರಜಾಕ್ಕೆ ಅಂತ ಹೋಗಿ ಅಲ್ಲೂ ಒಲೆ ಮುಂದೆ ನಿಂತಿದ್ದೀಯಾ? ನಿನ್ನ ಏನ್ ಮಾಡೋದು ಹೇಳು!"

ಸರಸ ನಕ್ಕಿದ್ದಳು. ಒಲೆ ಮುಂದೆ ನಿಲ್ಲುವುದಕ್ಕೂ ತನ್ನ ಒಲೆ ಮುಂದೆ ನಿಲ್ಲುವುದಕ್ಕೂ ಇರುವ ಅಂತರವನ್ನು ಫೋನಿನಲ್ಲಿ ಹೇಗೆ ಹೇಳುವುದು? ಮಂಡ್ಯದ ಆ ಮನೆಗೆ ಸೊಸೆಯಾಗಿ ಹೋದಾಗ ಅವಳಿಗೆ ಇಪ್ಪತ್ತಮೂರು. ಮಾವನಿಗೆ ಹೊಟ್ಟೆಹುಣ್ಣು, ಹುಳಿ ಆಗದು. ಸಾರಿಗೆ ಹಾಕುವ ಹುಣಸೆಹಣ್ಣು ಕಡಲೆಕಾಳಿನಷ್ಟಾಯಿತು. ಮಾವಿನಕಾಯಿ ಅಂತೂ ಹೊಸಿಲು ದಾಟಲಿಲ್ಲ. ಗಂಡ ಹೋಗಿ ಎಂಟು ವರ್ಷ, ಮಾವ ಹೋಗಿ ನಾಲ್ಕು ವರ್ಷ. ಆದರೂ ಹುಳಿ ಆ ಮನೆಗೆ ಮರಳಿ ಬರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಬೇಕು ಎಂದೂ ಯಾರೂ ಹೇಳಿರಲಿಲ್ಲ, ಅವಳೂ.

ಆದ್ದರಿಂದಲೇ ಮೊದಲ ಬೆಳಗ್ಗೆ ಎದ್ದವಳೇ ಕೆಳಗೆ ಫೋನ್ ಮಾಡಿದ್ದಳು. ತಮಿಳರಿಗೆ ಅರ್ಥವಾಗಲಿ ಎಂದು 'ಮಾವಿನಕಾಯಿ'ಯ ಬಾಲ ಕತ್ತರಿಸಿ, "ಮಾವು. ಒನ್. ಪುಳಿ, ಪುಳಿ," ಎಂದಿದ್ದಳು. ಆ ಕಡೆಯ ಗಂಡುದನಿ ಒಂದು ಕ್ಷಣ ಯೋಚಿಸಿ, "ಸರಿಮ್ಮಾ," ಎಂದಿತ್ತು.

ಬೆಲ್ ಆಯಿತು.

ಬಾಗಿಲಲ್ಲಿ ಬಿಳಿ ಪಂಚೆ, ಮಡಚಿದ ತೋಳಿನ ಶರ್ಟು, ಐವತ್ತರ ಆಸುಪಾಸಿನ ಮನುಷ್ಯ. ಕಿವಿಯ ಹತ್ತಿರ ಮಾತ್ರ ನರೆ. ಕೈಯಲ್ಲಿ ಹಿಡಿಕೆಯ ಸ್ಟೀಲ್ ಡಬ್ಬಿ.

"ಮಾವು," ಎಂದು ಡಬ್ಬಿ ಮುಂದೆ ಚಾಚಿದ. "ಒರು ಕಿಲೋ. ನಲ್ಲಾ ಪುಳಿಚ್ಚಿರುಕ್ಕು."

ಸರಸ ಮುಚ್ಚಳ ತೆಗೆದಳು. ಒಳಗೆ ಬೆಳ್ಳಗೆ, ಗುಳ್ಳೆಗುಳ್ಳೆಯಾಗಿ ಉಬ್ಬಿದ ದೋಸೆ ಹಿಟ್ಟು.

"ಅಯ್ಯೋ ಶಿವನೇ! ಕಾಯಿ ಕೇಳಿದ್ರೆ ಹಿಟ್ಟು ಹೊತ್ಕೊಂಡು ಬಂದಿದ್ದಾನಲ್ಲಪ್ಪಾ ಈ ಪುಣ್ಯಾತ್ಮ..."

ಪುಣ್ಯಾತ್ಮನ ಹುಬ್ಬು ಮೇಲೇರಿತು.

"ನೀವು ಕನ್ನಡದವ್ರಾ ಮಾರಾಯ್ರೆ?"

ಸರಸಳ ಕೈ ಮುಚ್ಚಳದ ಮೇಲೇ ಉಳಿಯಿತು. ಮುಖ ಬಿಸಿಯಾಯಿತು. ಅವನು ಮಾತ್ರ ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಎಂತ ಕಾಯಿ? ಮಾವಿನಕಾಯಿಯಾ? ಅಯ್ಯೋ, ಇಲ್ಲಿ ಮಾವು ಅಂದ್ರೆ ಹಿಟ್ಟು! ನಾನು ಹುಟ್ಟಿದ್ದು ಕೋಟದಲ್ಲೇ, ಆದ್ರೆ ಹತ್ತನೇ ವರ್ಷಕ್ಕೆ ಈ ಊರಿಗೆ ಬಂದವ. ಮಾವು ಅಂದ ಕೂಡ್ಲೇ ನಂಗೂ ಗ್ರೈಂಡರೇ ಕಣ್ಣಿಗೆ ಬರುದು. ಮತ್ತೆ ನೀವು ಹುಳಿ ಹುಳಿ ಅಂತ ಬೇರೆ ಹೇಳಿದ್ರಿ. ಯಾರಪ್ಪಾ ಇದು ಹುಳಿ ಹಿಟ್ಟು ಕೇಳುವವ್ರು ಅಂತ ನಿನ್ನೆದನ್ನೇ ಹುಡುಕಿ ತಂದೆ."

"ನಾನು ಕನ್ನಡ ಟೀಚರ್ರು," ಎಂದಳು ಸರಸ, ಗತ್ತು ಬಿಡದೆ. "ನನ್ನ ಪದದಲ್ಲಿ ತಪ್ಪಿಲ್ಲ."

"ತಪ್ಪು ನನ್ನ ಹಿಟ್ಟಿನದ್ದೇ ಟೀಚರೇ. ಹತ್ತು ನಿಮಿಷ ಕೊಡಿ."

ಇಪ್ಪತ್ತು ನಿಮಿಷ ಹಿಡಿಯಿತು. ಬರುವಾಗ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು, ಕೈಯಲ್ಲಿ ಗಿಣಿಮೂತಿಯ ಎರಡು ಮಾವಿನಕಾಯಿ. ಹೋಟೆಲಿನಿಂದ ಹರಿತವಾದ ಒಂದು ಚಾಕುವನ್ನೂ ತುರಿಮಣೆಯನ್ನೂ ತಂದಿದ್ದ. ಹೆಸರು ಚಂದ್ರಶೇಖರ ಉಡುಪ, ಕೆಳಗಿನ ಹೋಟೆಲೂ ಮೇಲಿನ ಮನೆಯೂ ಅವನದ್ದೇ ಎಂಬುದು ಅವಳು ಕಾಯಿ ತುರಿಯುವಷ್ಟರಲ್ಲಿ ತಿಳಿಯಿತು. ಹಿಂದಿರುಗಲು ಹೊರಟವನ ಕೈಗೆ ಸರಸ ತಟ್ಟೆ ಕೊಟ್ಟಳು. ಬಿಸಿಲಿನಲ್ಲಿ ಓಡಿಸಿದ್ದಕ್ಕೆ ಅಷ್ಟಾದರೂ ಬೇಡವೇ?

ಅವನು ನಿಂತೇ ತಿಂದ. ಮೂರನೇ ತುತ್ತಿಗೆ ನಿಲ್ಲಿಸಿ ಕೇಳಿದ. "ಚೆನ್ನಾಗುಂಟು. ನಿಮಗೆ ಹುಳಿ ಸಾಕಾಯ್ತಾ?"

ಸರಸ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಎಲ್ಲರಿಗೂ ಸಾಕಾಯಿತೇ ಎಂದು ಅವಳು ಕೇಳುತ್ತಿದ್ದ ಪ್ರಶ್ನೆ ಅದು. ತಿರುಗಿ ಅವಳ ಕಡೆ ಬಂದದ್ದು ಇದೇ ಮೊದಲು.

"ಇನ್ನೂ ಸ್ವಲ್ಪ ಇರ್ಬೇಕಿತ್ತು," ಎಂದಳು ಮೆಲ್ಲಗೆ.

ಅವನು ಉಳಿದ ಕಾಯಿ ತೆಗೆದುಕೊಂಡು, ತುರಿಮಣೆ ಹಿಡಿದು, ಅವಳ ತಟ್ಟೆಯ ಮೇಲೇ ತುರಿದ. ಹಸಿರು ಎಳೆಗಳು ಅನ್ನದ ಮೇಲೆ ಬೀಳುತ್ತಿದ್ದವು. "ಸಾಕು ಅನ್ನುವಾಗ ಹೇಳಿ," ಎಂದ. ಅವಳು ತುಂಬ ಹೊತ್ತು ಹೇಳಲಿಲ್ಲ.

*

ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು ಸಂಜೆಯ ಕಾಫಿ ಶುರುವಾಗುವ ಮೊದಲು, ಮೂರು ಗಂಟೆಗೆ, ಉಡುಪನಿಗೆ ಒಂದು ತಾಸು ಬಿಡುವು. ಮರುದಿನ ಆ ಹೊತ್ತಿಗೆ ಡಬ್ಬಿ ವಾಪಸ್ ಬೇಕೆಂದು ಬಂದ. ಅದರ ಮರುದಿನ ತೆಂಗಿನಕಾಯಿ ಬೇಕಾ ಎಂದು ಕೇಳಲು. ನಾಲ್ಕನೇ ದಿನ ನೆಪ ಹುಡುಕುವುದು ಬಿಟ್ಟ.

ಸರಸ ಬೆಳಿಗ್ಗೆ ಬಸ್ ಹಿಡಿದು ಸಮುದ್ರ ನೋಡಿ ಬರುತ್ತಿದ್ದಳು. ಬರುವಾಗ ಒಂದೊಂದು ದಿನ ಒಂದೊಂದು ಹುಳಿ: ನೆಲ್ಲಿಕಾಯಿ, ನಿಂಬೆಹಣ್ಣು, ಹುಣಸೆಹಣ್ಣು. ಬಂದು ತನಗೆ ಬೇಕಾದ್ದು, ತನಗೆ ಬೇಕಾದಷ್ಟು. ಒಂದು ದಿನ ಬರೀ ಗೊಜ್ಜು, ಅನ್ನ. ಒಂದು ದಿನ ಮಧ್ಯಾಹ್ನ ಊಟವೇ ಇಲ್ಲ, ಚುರುಮುರಿಗೆ ಮಾವಿನಕಾಯಿ ಹೆಚ್ಚಿಹಾಕಿ ಕಿಟಕಿಯ ಬಳಿ ಕಾಲು ಚಾಚಿ ತಿಂದಳು. ಕಾಲು ಚಾಚಿ! ಅತ್ತೆಯ ಮನೆಯಲ್ಲಿ ಯಾವತ್ತಾದರೂ ಆದೀತೇ?

ಮೂರಕ್ಕೆ ಮಾತ್ರ ಎರಡು ತಟ್ಟೆ ತೊಳೆದಿಡುತ್ತಿದ್ದಳು.

ಐದನೇ ದಿನ ಅವನದೇ ಹಿಟ್ಟಿನಲ್ಲಿ ದೋಸೆ ಹುಯ್ದಳು. ದಪ್ಪಗೆ, ಮೇಲೆ ಮುಚ್ಚಳ ಮುಚ್ಚಿ, ಮಂಡ್ಯದ ಕಡೆಯಂತೆ.

"ಇದು ದೋಸೆಯಾ, ದಿಂಬಾ?"

"ನಿಮ್ಮ ಹೋಟೆಲಿನದ್ದು ದೋಸೆಯಲ್ಲ, ಕಾಗದ. ನಮ್ಮ ಮಕ್ಕಳು ಅದರ ಮೇಲೆ ಪರೀಕ್ಷೆ ಬರೀಬಹುದು."

"ನಲವತ್ತು ವರ್ಷದಿಂದ ಜನ ಸಾಲು ನಿಂತು ತಿಂತಾರೆ ಟೀಚರೇ, ನಮ್ಮ ಕಾಗದ."

"ಹಾಗಾದ್ರೆ ಕೆಳಗೆ ಹೋಗಿ ಸಾಲು ನಿಂತ್ಕೊಳ್ಳಿ."

ಅವನು ಹೋಗಲಿಲ್ಲ. ಮುಚ್ಚಳ ತೆಗೆಯಲು ಬಗ್ಗಿದ, ಆವಿ ಬಡಿದು ಕನ್ನಡಕ ಮಸುಕಾಯಿತು. ಅದನ್ನು ತೆಗೆದು ಕೈಯಲ್ಲಿ ಹಿಡಿದು, ಒರೆಸಲು ಏನೂ ಸಿಗದೆ ಸುಮ್ಮನೆ ನಿಂತ. ಕನ್ನಡಕವಿಲ್ಲದ ಅವನ ಕಣ್ಣುಗಳನ್ನು ಸರಸ ನೋಡಿದ್ದು ಆಗ. ಸಣ್ಣ ಕಣ್ಣು, ಎಡಗಣ್ಣಿನ ಪಕ್ಕ ಹಳೆಯ ಎಣ್ಣೆ ಸಿಡಿದ ಕಲೆ. ಸರಿಯಾಗಿ ಕಾಣದಿದ್ದರೂ ಅವು ಅವಳನ್ನೇ ನೋಡುತ್ತಿದ್ದವು. ಅವಳು ಕೈ ಚಾಚಿ ಕನ್ನಡಕ ತೆಗೆದುಕೊಂಡು, ಸೆರಗಿನ ಒಣ ತುದಿಯಲ್ಲಿ ಒರೆಸಿ ಕೊಟ್ಟಳು. ಅಷ್ಟರಲ್ಲಿ ದೋಸೆಯ ಅಂಚು ಕಂದಿತು.

"ಚಂದೂ!" ಮೆಟ್ಟಿಲ ಬುಡದಿಂದ ಒಂದು ಮುದಿದನಿ. ಗಲ್ಲಾದಲ್ಲಿ ಕೂರುವ ಉಡುಪನ ಚಿಕ್ಕಮ್ಮ. "ಬರ್ತೀಯಾ ಹೇಗೆ? ಹಾಲಿನವ ಬಂದು ಕೂತಿದ್ದಾನೆ! ಆ ಮನೆ ನಲ್ಲಿ ಎಷ್ಟು ದಿನ ರಿಪೇರಿ ಮಾಡ್ತೀ?"

"ನಲ್ಲಿ ಅಂತ ಹೇಳಿದ್ದೀರಾ?" ಸರಸ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೊದಲ ದಿನ ಹೇಳಿದ್ದು. ಆಮೇಲೆ ಅವರು ನಂಬಿದ ಹಾಗೆ ಮಾಡ್ತಾ ಇದ್ದಾರೆ," ಎಂದು ಅವನು ಕಂದಿದ ದೋಸೆಯನ್ನೇ ತಟ್ಟೆಗೆ ಹಾಕಿಕೊಂಡ.

ಅವನು ಮದುವೆಯಾಗಿರಲಿಲ್ಲ. ಅಪ್ಪನ ಹೋಟೆಲು, ಮೂವರು ತಂಗಿಯರ ಮದುವೆ, ಆಮೇಲೆ ಯಾರೂ ಕೇಳಲಿಲ್ಲ, ಅವನೂ ನೆನಪಿಸಲಿಲ್ಲ. "ದಿನಕ್ಕೆ ಐನೂರು ಜನಕ್ಕೆ ಬಡಿಸ್ತೇನೆ. ನಂಗೆ ತಟ್ಟೆ ಹಾಕಿ ಕಾದವ್ರು ಇಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ," ಎಂದ, ಹವಾಮಾನದ ಸುದ್ದಿ ಹೇಳುವಂತೆ.

*

ಒಂಬತ್ತನೇ ದಿನ ಮೂರು ಗಂಟೆಗೆ, ಅವನು ಎದುರಿಗಿದ್ದಾಗಲೇ, ಓರಗಿತ್ತಿ ನಮಿತಾಳ ಫೋನು ಬಂತು. ಕೈಯೆಲ್ಲ ಒಗ್ಗರಣೆ, ಸರಸ ಸ್ಪೀಕರ್ ಒತ್ತಿದಳು.

"ಅಕ್ಕಾ, ನಾಳೆ ರೈಲು ಅಲ್ವಾ? ನೀವಿಲ್ದೆ ಇಲ್ಲಿ ಏನೂ ಓಡ್ತಿಲ್ಲ. ಇನ್ನೊಂದ್ ವಿಷ್ಯ. ಸ್ಕೂಲ್ ಬಿಟ್ಬಿಡಿ ಅಂತ ಇವರೂ ಹೇಳ್ತಿದ್ರು. ಸಾಕಲ್ವಾ ದುಡಿದಿದ್ದು? ಆರಾಮಾಗಿ ಮನೇಲಿ ಇದ್ಬಿಡಿ, ಅಡುಗೆ ಒಂದು ನೋಡ್ಕೊಂಡ್ರೆ ಆಯ್ತು. ಬಂದ್ಮೇಲೆ ಮಾತಾಡಣ, ಆಯ್ತಾ?"

"ಆಯ್ತಮ್ಮ," ಎಂದಳು ಸರಸ. ಇಪ್ಪತ್ತನಾಲ್ಕು ವರ್ಷದ ಅಭ್ಯಾಸದಿಂದ ಬಂದ ಮಾತು, ಅವಳನ್ನು ಕೇಳಿ ಬಂದದ್ದಲ್ಲ.

ನಮಿತಾ ಕೆಟ್ಟವಳಲ್ಲ. ಅದೇ ಕಷ್ಟ. ಪ್ರೀತಿಯಿಂದಲೇ ಕರೆಯುತ್ತಾಳೆ, ಪ್ರೀತಿಯಿಂದಲೇ ಬಾಣಲೆ ಕೈಗೆ ಕೊಡುತ್ತಾಳೆ.

ಉಡುಪ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದ. ಎಂದೂ ಇಲ್ಲದೆ ತುತ್ತು ಉಳಿಸಿದ್ದ.

"ಮೇಲಿನ ಮನೆ ಈ ತಿಂಗಳು ಇನ್ಯಾರೂ ಕೇಳ್ಲಿಲ್ಲ," ಎಂದ.

"ಹೌದಾ."

"ನಿಮ್ಮ ಶಾಲೆ ಶುರುವಾಗುದು ಮುಂದಿನ ತಿಂಗಳ ಕೊನೆಗೆ."

"ಹೌದು."

"ಇರಿ ಅಂತ ಹೇಳ್ಲಿಕ್ಕೆ ನಾನ್ಯಾರು? ಹೇಳುದಿಲ್ಲ." ತಲೆಯೆತ್ತಿದ. "ಆದ್ರೆ ನೀವು ಹೋದ ಮೇಲೆ ಮೂರು ಗಂಟೆ ಅಂತೂ ದಿನಾ ಆಗ್ತದಲ್ಲ ಟೀಚರೇ. ಆಗ ನಾನು ಎಂತ ಮಾಡುದು?"

"ನಿದ್ದೆ ಮಾಡಿ," ಎಂದಳು. ದನಿ ತಮಾಷೆಯಾಗಿ ಬರಲಿಲ್ಲ.

"ಐವತ್ತೊಂದು ವರ್ಷಕ್ಕೆ ಒಬ್ಬರ ಮೇಲೆ ಮನಸ್ಸಾದವನಿಗೆ ನಿದ್ದೆ ಹೇಗೆ ಬರ್ತದೆ?" ಅಷ್ಟು ನೇರವಾಗಿ ಹೇಳಿದ ಮೇಲೆ ಅವನೇ ಗಾಬರಿಯಾದ. ಎದ್ದು ತಟ್ಟೆ ತೊಳೆಯಲು ನಿಂತ, ತೊಳೆದದ್ದನ್ನೇ ಮತ್ತೆ ತೊಳೆದ. ಬೆನ್ನು ತಿರುಗಿಸಿಕೊಂಡೇ ಹೇಳಿದ. "ಉತ್ತರ ಬೇಕು ಅಂತಲ್ಲ. ನಿಮಗೆ ಎಷ್ಟು ಬೇಕೋ ಅಷ್ಟು ಹೊತ್ತು ತಗೊಳ್ಳಿ. ನಾಳೆ ಆಟೋ ನಾನೇ ಹೇಳ್ತೇನೆ."

*

ಬೆಳಿಗ್ಗೆ ಎಂಟಕ್ಕೆ ಬ್ಯಾಗು ಬಾಗಿಲ ಬಳಿ ನಿಂತಿತ್ತು. ರೈಲು ಮಧ್ಯಾಹ್ನ ಒಂದೂವರೆಗೆ. ಇನ್ನು ಅಡುಗೆಮನೆ ಖಾಲಿ ಮಾಡುವುದಷ್ಟೇ. ಎಣ್ಣೆ ಮುಗಿದಿತ್ತು, ಬೆಲ್ಲ ಚೂರು ಉಳಿದಿತ್ತು. ಅಕ್ಕಿ ಒಂದು ಪೊಟ್ಟಣ, ಉದ್ದಿನಬೇಳೆ, ಒಂದಷ್ಟು ಮೆಂತ್ಯ. ಯಾರಿಗಾದರೂ ಕೊಟ್ಟು ಹೋಗೋಣವೆಂದು ಪೊಟ್ಟಣದ ಬಾಯಿಗೆ ರಬ್ಬರ್ ಸುತ್ತಲು ಹೋದಳು.

ಸುತ್ತುವ ಕೈ ನಿಂತಿತು.

ಮಾವನ ಮನೆಯಲ್ಲಿ ಇಷ್ಟು ವರ್ಷ ಮಾವು ಇರಲಿಲ್ಲ. ಇಲ್ಲಿ ಎರಡು ಬಗೆಯದ್ದಿದೆ. ಕನ್ನಡ ಟೀಚರಿಗೆ ತಾನು ಮಾಡಿದ ಈ ಶ್ಲೇಷೆಗೆ ತಾನೇ ನಗು ಬಂತು. ನಗುತ್ತಲೇ ದೊಡ್ಡ ಪಾತ್ರೆ ಕೆಳಗಿಳಿಸಿದಳು. ಒಬ್ಬಳಿಗಾದರೆ ಅರ್ಧ ಲೋಟ ಅಕ್ಕಿ ಸಾಕಿತ್ತು. ಎರಡು ಲೋಟ ಅಳೆದು ಹಾಕಿದಳು. ಉದ್ದು ಅರ್ಧ ಲೋಟ, ಮೆಂತ್ಯ ಒಂದು ಚಿಟಿಕೆ. ಮೂರು ನೀರಿನಲ್ಲಿ ತೊಳೆದಳು. ನಾಲ್ಕನೆಯದು ತಿಳಿಯಾಯಿತು.

ಫೋನ್ ಗುನುಗಿತು. ನಮಿತಾ. ಗುನುಗಿ ಗುನುಗಿ ನಿಂತಿತು. ಮತ್ತೆ ನೇಹಾಳ ಮೆಸೇಜು: 'ಪ್ಯಾಕಿಂಗ್ ಆಯ್ತಾ ಅಮ್ಮಾ?' ಸರಸ ಒದ್ದೆ ಕೈ ಒರೆಸಿಕೊಳ್ಳಲಿಲ್ಲ.

ಕೆಳಗಿನಿಂದ ಅವನ ದನಿ ಬಂತು. ಧೈರ್ಯ ತಂದುಕೊಂಡ ದನಿ. "ಟೀಚರೇ, ಆಟೋ ಎಷ್ಟು ಗಂಟೆಗೆ ಹೇಳ್ಲಿ?"

ಅವಳು ಕಿಟಕಿಗೆ ಬಂದು ಬಗ್ಗಿದಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಅವನು ಮೇಲೆ ನೋಡುತ್ತಿದ್ದ. ಅವನ ಹಿಂದೆ ಗಲ್ಲಾದ ಮೇಲೆ ಮೊಣಕೈ ಊರಿ ಚಿಕ್ಕಮ್ಮನೂ ನೋಡುತ್ತಿದ್ದಳು.

"ಹೇಳ್ತೀನಿ ಇರಿ, ಅವಸರ ಇಲ್ಲ. ಮೂರು ಗಂಟೆಗೆ ಬರ್ತೀರಲ್ಲ, ಬರುವಾಗ ಒಂದು ಮಾವು ತನ್ನಿ."

"ಯಾವ ಮಾವು?" ಎಂದ ಉಡುಪ, ಗಂಟೆಯ ಲೆಕ್ಕ ಇನ್ನೂ ಹತ್ತದೆ.

"ನೀವೇ ಯೋಚ್ನೆ ಮಾಡಿ."

ಒಳಗೆ ಬಂದು ಅಕ್ಕಿಯ ಮೇಲೆ ಎರಡು ಬೆರಳಷ್ಟು ನೀರು ನಿಲ್ಲಿಸಿ ತಟ್ಟೆ ಮುಚ್ಚಿದಳು. ಸಂಜೆಗೆ ನೆನೆದಿರುತ್ತದೆ. ಆಗ ರುಬ್ಬಿಟ್ಟರೆ, ಈ ಊರಿನ ಸೆಕೆಗೆ, ನಾಳೆ ಬೆಳಿಗ್ಗೆ ಹೊತ್ತಿಗೆ ಚೆನ್ನಾಗಿ ಹುಳಿ ಬಂದಿರುತ್ತದೆ.