ಮೀಸೆಯ ಮೂಲೆ ಬಿಟ್ಟುಕೊಟ್ಟವನು

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಗಿರಿಮೀಸೆ ಎಂಬ ರಾಜ್ಯವಿತ್ತು. ಅಲ್ಲಿಯ ಗಂಡಸರಿಗೆ ಮೀಸೆಯೇ ಮಾನ. ಅರಸನ ಮೀಸೆಯ ತುದಿ ಹಿಡಿದು ಎಡಕ್ಕೊಬ್ಬ, ಬಲಕ್ಕೊಬ್ಬ ಆಳು ನಡೆಯುತ್ತಿದ್ದರು.

ಆ ರಾಜ್ಯದಲ್ಲಿ ಗುಡದಪ್ಪ ಎಂಬವನಿದ್ದ. ಸವೆದ ಬೀಸುಕಲ್ಲು, ಒರಳುಗಳನ್ನು ಉಳಿಯಿಂದ ಕೊಚ್ಚಿ ಮತ್ತೆ ಒರಟು ಮಾಡಿಕೊಡುವುದು ಅವನ ಕಸುಬು. ಅವನ ಮೀಸೆಗೆ ಎರಡು ಟಗರು ಕಟ್ಟಿ ಓಡಿಸಿದರೂ ಒಂದು ಕೂದಲೂ ಕಿತ್ತು ಬರುತ್ತಿರಲಿಲ್ಲ. ಸುಳ್ಳಲ್ಲ, ಕಟ್ಟಿ ನೋಡಿದ್ದರು.

ಒಮ್ಮೆ ಅವನು ಕಸುಬಿಗೆಂದು ಪರವೂರಿಗೆ ಹೋಗಿದ್ದಾಗ ಧೂಮಾಕ್ಷನೆಂಬ ಮಾಂತ್ರಿಕ ಅವನ ಊರಿಗೆ ಬಂದ. ಒಂದು ಸಿಳ್ಳೆ ಹಾಕಿದ. ಊರಿನ ಮುನ್ನೂರು ಜನ ಮುನ್ನೂರು ಕಪ್ಪು ಕಲ್ಲುಗಳಾದರು. ಗುಡದಪ್ಪನ ಹೆಂಡತಿ ಹೊಳೆಯವ್ವನೂ ಕಲ್ಲಾದಳು. ಮಾಂತ್ರಿಕ ಅವರನ್ನೆಲ್ಲ ಒಕ್ಕಣೆಯ ಕಣದಷ್ಟು ಅಗಲದ ಗೆರೆಹಲಗೆಯ ಮೇಲೆ ಜೋಡಿಸಿ, ಸುತ್ತ ಬಿಳಿಕಲ್ಲು ಇಟ್ಟ.

"ಆಡಿ ಗೆದ್ದರೆ ಊರು ನಿಮ್ಮದು. ಸೋತರೆ ನೀವೂ ಕಲ್ಲು," ಎಂದು ಅರಸನ ಕಡೆಯವರಿಗೆ ಹೇಳಿದ.

ಕಡಲಾಚೆಯವರು 'ಗೋ' ಎನ್ನುವ ಆಟ ಅದು. ಗೆರೆ ಕೂಡುವಲ್ಲಿ ಕಲ್ಲಿಡುವುದು. ನಾಲ್ಕೂ ಕಡೆ ಸುತ್ತಿದರೆ ಎದುರಾಳಿಯ ಕಲ್ಲು ಸೆರೆ. ಊರಿನ ಕಲ್ಲುಗಳಿಗೆ ಉಸಿರಾಡಲು ಉಳಿದದ್ದು ಒಂದೇ ಬಾಗಿಲು. ಅಲ್ಲಿ ಒಬ್ಬ ಇನ್ನೊಬ್ಬನ ಕಲ್ಲು ಹಿಡಿದರೆ, ಆ ಇನ್ನೊಬ್ಬ ತಿರುಗಿ ಇವನ ಕಲ್ಲು ಹಿಡಿಯಬಹುದು. ಮುಗಿಯದ ಈ ಜಗ್ಗಾಟಕ್ಕೆ 'ಕೋ' ಎನ್ನುತ್ತಾರೆ. ಅದಕ್ಕೇ ಒಂದು ಕಟ್ಟಳೆ: ಕಲ್ಲು ಕಳೆದುಕೊಂಡವನು ಕೂಡಲೇ ತಿರುಗಿ ಹಿಡಿಯುವಂತಿಲ್ಲ. ಮೊದಲು ಬೇರೆಡೆ ಒಂದು ಕಲ್ಲಿಟ್ಟು ಬೆದರಿಸಬೇಕು. ಎದುರಾಳಿ ಅದಕ್ಕೆ ಉತ್ತರ ಕೊಡಲು ಹೋದರೆ, ಆಗ ಬಾಗಿಲು ಹಿಡಿಯಬಹುದು. ಉತ್ತರ ಕೊಡದೆ ಬಾಗಿಲಲ್ಲಿ ತನ್ನ ಕಲ್ಲೂರಿ ಮುಚ್ಚಿಬಿಟ್ಟರೆ ಜಗ್ಗಾಟ ಮುಗಿಯಿತು, ಮುಚ್ಚಿದವನೇ ಗೆದ್ದ.

ದಂಡನಾಯಕ ಆಡಿದ, ಕಲ್ಲಾದ. ಮಂತ್ರಿ ಆಡಿದ, ಕಲ್ಲಾದ. ಮೂರನೆಯವನಾಗಿ ಗುಡದಪ್ಪ ಬಂದ. ಬಂದವನು ಕಲ್ಲು ಮುಟ್ಟಲಿಲ್ಲ. ಮೂರು ಹಗಲು ಹಲಗೆಯನ್ನೇ ನೋಡುತ್ತ ಕುಳಿತ.

ಹೊಳೆಯವ್ವನ ಕಲ್ಲು ಮಾತಾಡಿತು. "ಏನ್ ನೋಡಾಕತ್ತೀರಿ? ನಿಮ್ಮ ರುಮಾಲಿನ್ಯಾಗ ಕಾಗಿ ಗೂಡು ಕಟ್ಟೇತಿ."

"ಎಣಿಸಾಕತ್ತೀನಿ. ಸುಮ್ನಿರು. ನನಗ ಬೆದರಸಾಕ ಮೂರು ಜಾಗ ಅದಾವು. ಅವಗೂ ಮೂರು. ಆದ್ರ ಮೊದಲು ಹಿಡಿಯಾವ ಅವ. ನನಗ ಒಂದು ಕಡಿಮಿ ಬೀಳ್ತೈತಿ."

"ಅವನ ಮೂರು ಯಾವ್ಯಾವು?"

"ಹುಲಿ, ಹೊಳಿ..." ಗುಡದಪ್ಪ ತಡೆದು ಹೇಳಿದ, "ನನ್ನ ಮೀಸಿ."

ಕಲ್ಲು ನಕ್ಕಿತು. "ದಂಡನಾಯಕರು, ಮಂತ್ರಿಗಳು ನನ್ನ ಬಗಲಾಗ ಕುಂತಾರ ನೋಡ್ರಿ. ಇಬ್ಬರೂ ಮೀಸಿ ಉಳಿಸಿಕೊಂಡಾರ."

ಗುಡದಪ್ಪ ಬಗ್ಗಿ ನೋಡಿದ. ಹೌದು, ಎರಡು ಕಲ್ಲಿಗೆ ಮೀಸೆಯಿತ್ತು. ಅವನು ತನ್ನ ಮೀಸೆಯನ್ನೊಮ್ಮೆ ಸವರಿ, "ಆಡೋಣು," ಎಂದ.

ಧೂಮಾಕ್ಷ ಬಾಗಿಲು ಹಿಡಿದ. ಗುಡದಪ್ಪ ಮಾಂತ್ರಿಕನ ಗವಿಯ ಮೂಲೆಗೆ ಕಲ್ಲಿಟ್ಟ. ಗವಿ ಗಡಗಡ ನಡುಗಿತು. ಧೂಮಾಕ್ಷ ಗವಿ ಕಾಯಲು ಹೋದ, ಗುಡದಪ್ಪ ಬಾಗಿಲು ಹಿಡಿದ. ಧೂಮಾಕ್ಷ ಕಲ್ಲಿಟ್ಟ. ಅದರೊಳಗಿಂದ ಹುಲಿ ಎದ್ದು ಅರಮನೆಯತ್ತ ಹಾರಿತು. ಗುಡದಪ್ಪ ಒಂದು ಕಲ್ಲಿಟ್ಟು ಹುಲಿಯನ್ನು ಕಟ್ಟಿದ. ಧೂಮಾಕ್ಷ ಬಾಗಿಲು ಹಿಡಿದ.

ಎರಡನೆಯ ಸಲ ಗುಡದಪ್ಪ ಮಾಂತ್ರಿಕನ ಗೂಬೆಯನ್ನು ಬೆದರಿಸಿದ. ಅವನು ಗೂಬೆ ಕಾಯ್ದ, ಇವನು ಬಾಗಿಲು ಹಿಡಿದ. ಧೂಮಾಕ್ಷ ಹೊಳೆಯನ್ನೇ ಎಬ್ಬಿಸಿ ಊರಿನ ಮೇಲೆ ಬಿಟ್ಟ. ಗುಡದಪ್ಪ ಒಂದೇ ಕಲ್ಲಲ್ಲಿ ಹೊಳೆಗೆ ಒಡ್ಡು ಹಾಕಿದ. ಧೂಮಾಕ್ಷ ಬಾಗಿಲು ಹಿಡಿದ.

ಮೂರನೆಯ ಸಲ ಗುಡದಪ್ಪ ಮಂತ್ರದ ಕೋಲಿನ ಮೇಲೆ ಕಲ್ಲಿಟ್ಟ. ಅವನು ಕೋಲು ಕಾಯ್ದ, ಇವನು ಬಾಗಿಲು ಹಿಡಿದ. ಗುಡದಪ್ಪನ ಬಳಿ ಇನ್ನು ಬೆದರಿಸಲು ಏನೂ ಉಳಿದಿರಲಿಲ್ಲ. ಧೂಮಾಕ್ಷನಿಗೆ ಅದು ಗೊತ್ತಿತ್ತು. ನಿಧಾನವಾಗಿ ಹಲಗೆಯ ಇನ್ನೊಂದು ಮೂಲೆಗೆ ಕಲ್ಲಿಟ್ಟ.

"ಇದಕ್ಕೆ ಉತ್ತರ ಕೊಡದಿದ್ದರೆ ನಿನ್ನ ಮೀಸೆ ಉದುರುತ್ತದೆ. ನಿನ್ನ ವಂಶದಲ್ಲಿ ಏಳು ತಲೆಮಾರು ಮೀಸೆ ಮೂಡುವುದಿಲ್ಲ. ಗಿರಿಮೀಸೆಯ ಗಂಡಸು ನೀನು, ಕಾಯ್ದುಕೋ."

ಗುಡದಪ್ಪ ಆ ಮೂಲೆಯತ್ತ ತಿರುಗಿಯೂ ನೋಡಲಿಲ್ಲ. ಕಲ್ಲೆತ್ತಿ ಬಾಗಿಲಲ್ಲಿ ಊರಿದ. ಬಾಗಿಲು ಮುಚ್ಚಿತು.

ಮೀಸೆ ಉದುರಿ ಹಲಗೆಯ ಮೇಲೆ ಬಿತ್ತು. ಕಲ್ಲುಗಳೆಲ್ಲ ಮನುಷ್ಯರಾಗಿ ಎದ್ದುನಿಂತರು. ಧೂಮಾಕ್ಷ ಮಾತ್ರ ಕುಳಿತಲ್ಲೇ ಬಿಳಿ ಬಂಡೆಯಾದ. ಗುಡದಪ್ಪ ಅದನ್ನು ಉಳಿಯಿಂದ ಕಡೆದು ಒರಳು ಮಾಡಿದ. ಊರವರು ಅದರಲ್ಲೇ ಚಟ್ನಿ ಅರೆದರು.

ಹೊಳೆಯವ್ವ ಗಂಡನ ಮುಖ ನೋಡಿ, "ಮದಿವ್ಯಾದಾಗಿಂದ ಇವತ್ತ ನಿಮ್ಮ ಬಾಯಿ ನೋಡಿದೆ. ಚಂದ ಐತಿ," ಎಂದಳು.

ಅರಸನು ಹಜಾಮನನ್ನು ಕರೆಸಿ ತನ್ನ ಮೀಸೆಯನ್ನೂ ತೆಗೆಸಿದ. ಆಳುಗಳಿಬ್ಬರಿಗೂ ಕೈ ಬಿಡುವಾಯಿತು. ಅಂದಿನಿಂದ ಆ ರಾಜ್ಯದಲ್ಲಿ ನುಣ್ಣನೆಯ ಮೇಲ್ದುಟಿಯೇ ಮಾನವಾಯಿತು. ಉಂಡು, ಆಡಿ, ನಕ್ಕು ಎಲ್ಲರೂ ನೂರು ವರ್ಷ ಬಾಳಿದರು.

ಗುಡದಪ್ಪನಿಂದ ಏಳನೆಯ ತಲೆಮಾರಿನವನು ನಾನು. ಎಂಬತ್ತು ತುಂಬಿತು, ಮುಖಕ್ಕೆ ಕತ್ತಿ ತಾಗಿಸಿದವನಲ್ಲ. ನಂಬದವರು ಬಂದು ನನ್ನ ಮೇಲ್ದುಟಿ ಮುಟ್ಟಿ ನೋಡಲಿ.